ಮನೆಭಾಷೆ ಬಗ್ಗೆ ಕೆಣಕೋರಿಗೆ ಮಗು ಬಾಯಲ್ಲಿ ಒಂದು ರೆಡಿ ಜೋಕು

ಬೇರೆ ಕಡೆಯಿಂದ ಬಂದು ಇಲ್ಲಿ ನೆಲೆಸಿರೋರ ಮಕ್ಕಳಿಗೆ ಮದ್ವೆಮನೇಲೋ ಬಸ್ಸಲ್ಲೋ ಯಾರಾದ್ರೂ "ಶಿವಮೊಗ್ಗದಲ್ಲಿದ್ಕೊಂಡು ಮನೇಲಿ ತಮಿಳ್ಯಾಕೆ, ಕನ್‌ಫ್ಯೂಸ್ ಆಗಲ್ವಾ ಮರಿ" ಅಂತ ಕೇಳೇ ಕೇಳ್ತಾರೆ, ಅದಕ್ಕೆ ಒಂದು ತಮಾಷೆ ಉತ್ತರ ಮೊದ್ಲೇ ಬಾಯಿಪಾಠ ಮಾಡ್ಸಿಡಿ: "ಅಮ್ಮ ಬೈಯೋದು ತಮಿಳಲ್ಲಿ, ಮಿಸ್ಸು ಇಂಗ್ಲಿಷಲ್ಲಿ, ಕಂಡಕ್ಟರ್ ಕನ್ನಡದಲ್ಲಿ, ಒಂದು ಬಿಟ್ರೂ ಯಾಕೆ ಬೈಸ್ಕೊಂಡೆ ಅಂತಾನೇ ಗೊತ್ತಾಗಲ್ಲ ಅಂಕಲ್." ಒಳ್ಳೆ ಕನ್ನಡದಲ್ಲೇ ಹೇಳ್ಲಿ, ಅರ್ಧ ಉತ್ತರ ಅಲ್ಲೇ ಸಿಕ್ತು. ವಾದಕ್ಕಿಳಿದ್ರೆ ದೊಡ್ಡೋರು ಇನ್ನೆರಡು ಉಪದೇಶ ಜಾಸ್ತಿ ಕೊಡ್ತಾರೆ, ಒಂದ್ಸಲ ನಕ್ಕುಬಿಟ್ರೆ ಮುಂದುವರಿಸೋಕೆ ಆಗಲ್ಲ, ಮಗೂನೂ ತಲೆ ತಗ್ಗಿಸಲ್ಲ. (ಭದ್ರಾವತಿಯವ್ರಿಗೆ ಇದೆಲ್ಲ ಹೇಳೋದೇ ಬೇಡ ಬಿಡಿ, 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುವಾದಾಗಿಂದ ಅಲ್ಲಿ ಒಂದೇ ಬೀದೀಲಿ ಮೂರ್ನಾಲ್ಕು ಭಾಷೆ ಓಡಾಡ್ತಿವೆ.) ಅಂದಹಾಗೆ ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸೋದು ಗೊಂದಲ ಅಲ್ಲ, ಎರಡು ಭಾಷೆ ಮಧ್ಯೆ ಬೆಳೆಯೋ ಮಕ್ಕಳು ಸಹಜವಾಗಿ ಮಾಡೋದೇ ಅದು. ಜೋಕು ಬೈಗುಳದ ಮೇಲಿರ್ಲಿ, ಯಾವ ಭಾಷೆ ಮೇಲೂ ಬೇಡ, ಇಲ್ದಿದ್ರೆ ತಿರುಗಿ ನಮಗೇ ಬರುತ್ತೆ. ನಾಚಿಕೆ ಸ್ವಭಾವದ ಮಗೂನ ಮುಂದೆ ನಿಲ್ಸಿ "ಹೇಳು ಹೇಳು" ಅಂತ ಒತ್ತಾಯ ಮಾಡ್ಬೇಡಿ, ಅಲ್ಲಿ ನೀವೇ ಹೇಳ್ಬಿಡಿ. ಕ್ಲಾಸಲ್ಲಿ ದಿನಾ ಉಚ್ಚಾರಣೆ ಅಣಕಿಸೋ ಗುಂಪಿದ್ರೆ ಮಾತ್ರ ಇದು ನಡೆಯಲ್ಲ, ಅವ್ರಿಗೆ ಅದೂ ಒಂದು ಮಜಾ ಆಗೋಗುತ್ತೆ, ಆಗ ನೇರವಾಗಿ ಟೀಚರ್ ಹತ್ರಾನೇ ಮಾತಾಡಿ.