ಗ್ಯಾಂಗ್‌ವೇ ಹತ್ತುವ ತನಕ: ಕ್ರೂಸ್ ಹಡಗಿಗೆ ಮರಳುವ ನಮ್ಮ ಹುಡುಗರಿಗೆ

ರಾತ್ರಿ ಡ್ಯೂಟಿ ಮುಗಿಸಿ ಕ್ಯಾಬಿನ್ನಿಗೆ ಬಂದು ಫೋನ್ ತೆಗೆದರೆ ವಾಟ್ಸಾಪಿನಲ್ಲಿ ಒಂದೇ ಪ್ರಶ್ನೆ. “ಅಣ್ಣ, ಜಾಯ್ನಿಂಗ್ ಲೆಟರ್ ಬಂತು, ಈಗ ಎಂತ ಮಾಡೂದು?” ಗಂಗೊಳ್ಳಿಯಿಂದ ಒಬ್ಬ, ಬೈಂದೂರಿನಿಂದ ಇಬ್ಬರು, ಕಾರವಾರದಿಂದ ಒಬ್ಬ. ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾಯಿತು ಮಾರಾಯ್ರೆ. ಅದಕ್ಕೇ ಒಟ್ಟಿಗೆ ಬರೆದುಬಿಡುತ್ತಿದ್ದೇನೆ. ಇದು ಕೋವಿಡ್‌ಗೆ ನಿಂತಿದ್ದ ಕ್ರೂಸ್ ಹಡಗುಗಳು ಮತ್ತೆ ಹೊರಟ ಹೊತ್ತಿನ, 2021ರ ಅಕ್ಟೋಬರ್ ಕೊನೆಯ ವಾರದ ಕಥೆ. ಇಲ್ಲಿರುವ ನಿಯಮಗಳೆಲ್ಲ ಆ ವಾರದವು, ಆಮೇಲೆ ಓದುವವರು ಇನ್ನೊಮ್ಮೆ ನೋಡಿಕೊಳ್ಳಿ.

ನಾನು ಆಫೀಸರ್ ಅಲ್ಲ, ಡೈನಿಂಗ್ ರೂಮಿನ ವೇಟರ್. 19 ವರ್ಷದಿಂದ ಹಡಗಿನಲ್ಲಿದ್ದೇನೆ. ಹಾಗಾಗಿ ನಾನು ಹೇಳುವುದು ಹೋಟೆಲ್ ವಿಭಾಗದವರಿಗೆ. ಅಂದರೆ ಗ್ಯಾಲಿ (ಹಡಗಿನ ಅಡುಗೆಮನೆ), ಹೌಸ್‌ಕೀಪಿಂಗ್, ಬಾರ್, ಲಾಂಡ್ರಿ. ಡೆಕ್, ಎಂಜಿನ್‌ನವರ ಲೆಕ್ಕ ಬೇರೆ.

ಮೊದಲನೆಯದಾಗಿ, ಲೆಟರ್ ಬಂತು ಅಂದರೆ ಕೆಲಸ ಸಿಕ್ಕಿತು ಅಂತಲ್ಲ. ನನಗೆ ಈ ವರ್ಷ ಮೂರು ಲೆಟರ್ ಬಂತು. ಫೆಬ್ರವರಿಯ ಲೆಟರ್ ನಂಬಿ, ಕುಂದಾಪುರದಲ್ಲಿ ಒಂದು ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದ ಕೆಲಸ ಬಿಟ್ಟೆ. ಮಾಲೀಕರಿಗೆ ಸಿಹಿಯನ್ನೂ ಕೊಟ್ಟೆ. ಜಾಯ್ನಿಂಗ್ ಏಪ್ರಿಲ್‌ಗೆ ಹೋಯಿತು. ಏಪ್ರಿಲಿನಲ್ಲಿ ಎರಡನೇ ಅಲೆ ಬಂತು, ಒಂದೊಂದೇ ದೇಶ ನಮ್ಮ ವಿಮಾನಕ್ಕೆ ಬಾಗಿಲು ಹಾಕಿತು. ಆಮೇಲೆ ಆ ಕೌಂಟರಿನಲ್ಲಿ ಬೇರೆ ಹುಡುಗ ಕೂತಿದ್ದ. ಮತ್ತೆ ಹೋಗಿ ಕೇಳಲು ನಾಚಿಕೆಯಾಗಿ, ಅರ್ಧ ಮಳೆಗಾಲ ಭಾವನ ಅಡಿಕೆ ತೋಟದಲ್ಲಿ ಕಳೆದೆ. ಹತ್ತಿದ್ದು ಆಗಸ್ಟಿನಲ್ಲಿ. ಆದ್ದರಿಂದ ಊರಿನಲ್ಲಿರುವ ಕೆಲಸವನ್ನು ಟಿಕೆಟ್ ಕೈಗೆ ಬರುವ ತನಕ ಬಿಡಬೇಡಿ. ಟಿಕೆಟ್ ಬಂದ ಮೇಲೂ “ಒಂದು ವಾರ ರಜೆ” ಅನ್ನಿ.

ಕಂಪನಿಗೆ ಬೈದು ಪ್ರಯೋಜನವಿಲ್ಲ, ತಾರೀಕು ಅವರ ಕೈಯಲ್ಲೂ ಇಲ್ಲ. 2020ರ ಫೆಬ್ರವರಿಯಲ್ಲಿ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ನಿಂತಾಗ ಅದರಲ್ಲಿದ್ದದ್ದು 3,711 ಜನ, ಸೋಂಕು ತಗುಲಿದ್ದು 712 ಮಂದಿಗೆ. ನಮ್ಮ ದೇಶದ ಕ್ರೂ 132 ಜನ ಅದರಲ್ಲಿದ್ದರು. ಮಾರ್ಚ್ 14ಕ್ಕೆ ಅಮೆರಿಕದ ಸಿಡಿಸಿ ಹಡಗು ಓಡಿಸಕೂಡದು ಅಂತ ಆದೇಶ ಮಾಡಿತು. (ನಮ್ಮ ಹುಡುಗರಿಗೆ ಇಲ್ಲೊಂದು ಗೊಂದಲ. ಸಿಡಿಸಿ ಅಂದರೆ ನಮಗೆ ಜೇಬಿನಲ್ಲಿರುವ ನಾವಿಕರ ಪುಸ್ತಕ. ಅಮೆರಿಕದ ಸಿಡಿಸಿ ಅಂದರೆ ರೋಗ ನಿಯಂತ್ರಣದ ಇಲಾಖೆ. “ಸಿಡಿಸಿ ಒಪ್ಪಿಲ್ವಂತೆ” ಅಂತ ಯಾರೋ ಹೇಳಿದ್ದಕ್ಕೆ ಒಬ್ಬ ತನ್ನ ಪುಸ್ತಕ ಹಿಡಿದುಕೊಂಡು ಏಜೆಂಟ್ ಆಫೀಸಿಗೆ ಓಡಿದ್ದ.) 2020ರ ಅಕ್ಟೋಬರ್ 30ಕ್ಕೆ ಆ ಆದೇಶ ಹೋಗಿ, ಷರತ್ತಿನ ಮೇಲೆ ಓಡಿಸಬಹುದು ಅನ್ನುವ ಆದೇಶ ಬಂತು. ಅಮೆರಿಕದ ಬಂದರಿನಿಂದ ದುಡ್ಡು ಕೊಟ್ಟು ಟಿಕೆಟ್ ತೆಗೆದ ಪ್ರಯಾಣಿಕರನ್ನು ಹತ್ತಿಸಿಕೊಂಡು ಮೊದಲ ದೊಡ್ಡ ಹಡಗು, ಸೆಲೆಬ್ರಿಟಿ ಎಡ್ಜ್, ಹೊರಟದ್ದು 2021ರ ಜೂನ್ 26ಕ್ಕೆ. ಅದೇ ತಿಂಗಳು ಒಡಿಸ್ಸಿ ಆಫ್ ದಿ ಸೀಸ್‌ನಲ್ಲಿ 8 ಜನ ಕ್ರೂಗೆ ಪಾಸಿಟಿವ್ ಬಂದು ಜುಲೈ 3ರ ಯಾನ ಜುಲೈ 31ಕ್ಕೆ ಹೋಯಿತು. ಎಂಟು ಜನರಿಂದ ಒಂದು ಇಡೀ ಹಡಗು ಒಂದು ತಿಂಗಳು ಹಿಂದೆ! ಮುಗಿಯಬೇಕಿದ್ದ ಆ ಷರತ್ತಿನ ಆದೇಶವನ್ನೇ ಈ ವಾರ 2022ರ ಜನವರಿ 15ರ ತನಕ ಎಳೆದಿದ್ದಾರೆ.

ಈಗ ಕಾಗದಪತ್ರ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಎಡಗಡೆ ಪತ್ರದ ಹೆಸರು, ಬಲಗಡೆ ಅದು ಮುಗಿಯುವ ತಾರೀಕು ಬರೆಯಿರಿ: ಪಾಸ್‌ಪೋರ್ಟ್, ಸಿಡಿಸಿ, ಸಿ1/ಡಿ ವೀಸಾ (ಹಡಗಿನ ಸಿಬ್ಬಂದಿಗೆ ಅಮೆರಿಕ ಕೊಡುವುದು), ಮೆಡಿಕಲ್, ಎಸ್‌ಟಿಸಿಡಬ್ಲ್ಯೂ ಕೋರ್ಸುಗಳು (ನಾವಿಕರಿಗೆ ಕಡ್ಡಾಯ ತರಬೇತಿ). ನಮ್ಮ ಕಾಂಟ್ರಾಕ್ಟ್ ಏಳೆಂಟು ತಿಂಗಳದ್ದು. ಹಾಗಾಗಿ ಹತ್ತುವ ದಿನಕ್ಕೆ ಅಲ್ಲ, ಇಳಿಯುವ ದಿನಕ್ಕೆ ಎಲ್ಲವೂ ಜೀವಂತ ಇರಬೇಕು. ಎರಡು ವರ್ಷ ಮನೆಯಲ್ಲಿ ಕೂತವರಿಗೆ ಇಲ್ಲೇ ಹೊಡೆತ. ಬೆಂಕಿ ಆರಿಸುವುದು ಮತ್ತು ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವುದರ ಕೋರ್ಸಿಗೆ 5 ವರ್ಷಕ್ಕೊಮ್ಮೆ ರಿಫ್ರೆಶರ್ ಬೇಕು. ಕೋವಿಡ್ ಅಂತ ನಮ್ಮ ಡಿ.ಜಿ. ಶಿಪ್ಪಿಂಗ್ (ಕೇಂದ್ರದ ಹಡಗು ಇಲಾಖೆ) ಹಲವು ಸಲ ಅವಧಿ ವಿಸ್ತರಿಸಿತು ನಿಜ. ಅದನ್ನು ನಂಬಿ ಕೂರಬೇಡಿ, ಸೀಟು ಸಿಕ್ಕ ದಿನ ಮಾಡಿಮುಗಿಸಿ. ಮೆಡಿಕಲ್ ಮಾತ್ರ ಅವಸರ ಪಟ್ಟು ಮಾಡಿಸಬೇಡಿ. ಟಿಕೆಟ್ ಬರುವ ಸೂಚನೆ ಇದ್ದಾಗ ಮಾಡಿಸಿ, ಇಲ್ಲದಿದ್ದರೆ ಎರಡೆರಡು ಸಲ ದುಡ್ಡು.

ವೀಸಾ ಮುಗಿದು 48 ತಿಂಗಳು ದಾಟಿಲ್ಲ, ಅದೇ ಬಗೆಯ ವೀಸಾ ಬೇಕು ಅಂದರೆ 2021ರ ಕೊನೆಯ ತನಕ ಸಂದರ್ಶನವಿಲ್ಲದೆ ಡ್ರಾಪ್‌ಬಾಕ್ಸಿನಲ್ಲಿ ಹಾಕಬಹುದು. ಹೊಸಬರಾದರೆ ಚೆನ್ನೈ ಕಾನ್ಸುಲೇಟಿನ ಸ್ಲಾಟಿಗೆ ಈಗಿನಿಂದಲೇ ಕಣ್ಣಿಡಿ. ಹಳದಿ ಜ್ವರದ ಲಸಿಕೆ ಒಮ್ಮೆ ಹಾಕಿಸಿದರೆ ಜೀವನಪೂರ್ತಿಗೆ ಆಯಿತು, 2016ರಿಂದ ಹಾಗೇ ಇದೆ. ಹತ್ತು ವರ್ಷ ಆಯಿತು, ಮತ್ತೆ ಹಾಕಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಎಲ್ಲಕ್ಕಿಂತ ಹೆಚ್ಚು ಫೋನ್ ಬರುವುದು ಕೋವಿಡ್ ಲಸಿಕೆ ಬಗ್ಗೆ. ಕೋವಿಶೀಲ್ಡ್ ಆದವರು ಆರಾಮಾಗಿರಿ. ಕೋವ್ಯಾಕ್ಸಿನ್ ಆದವರು ಸ್ವಲ್ಪ ತಾಳ್ಮೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗೆ ಅದು ಈ ಅಕ್ಟೋಬರ್ ಕೊನೆಗೂ ಸೇರಿಲ್ಲ. ಮೊನ್ನೆ ಇನ್ನಷ್ಟು ವಿವರಣೆ ಕೇಳಿ, ನವೆಂಬರ್ 3ಕ್ಕೆ ಮತ್ತೆ ಕೂರುತ್ತೇವೆ ಅಂದಿದ್ದಾರೆ. ಆ ಪಟ್ಟಿ ನೋಡಿಯೇ ಕ್ರೂ ಕರೆಸಿಕೊಳ್ಳುವ ಕಂಪನಿಗಳು ಬಹಳ. “ಬೇರೆ ಹೆಸರಿನಲ್ಲಿ ಇನ್ನೆರಡು ಡೋಸ್ ಹಾಕಿಸಿಕೊಳ್ಳಲಾ?” ಅಂತ ಒಬ್ಬ ಕೇಳಿದ. ಬೇಡ ಮಾರಾಯ. ಸುಳ್ಳು ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ಈ ಕಾಂಟ್ರಾಕ್ಟ್ ಒಂದೇ ಅಲ್ಲ ಹೋಗುವುದು.

ನನ್ನ ಕಥೆ ಹೀಗೆ. ಮೊದಲ ಡೋಸ್ ಏಪ್ರಿಲ್ ಕೊನೆಗೆ. ಎರಡನೆಯದು ಜೂನ್ ನಡುವಿಗೆ ಅಂದುಕೊಂಡಿದ್ದೆ. ಮೇ ತಿಂಗಳಲ್ಲಿ ಕೋವಿಶೀಲ್ಡ್ ಡೋಸುಗಳ ಅಂತರವನ್ನು 12–16 ವಾರಕ್ಕೆ ಏರಿಸಿದರು. ನನ್ನ ಜಾಯ್ನಿಂಗ್ ಮುಳುಗಿತು ಅಂತ ಕೂತಿದ್ದಾಗ, ಜೂನ್ 7ಕ್ಕೆ ಕೇಂದ್ರದವರು ಓದಲಿಕ್ಕೆ, ಕೆಲಸಕ್ಕೆ ಹೊರದೇಶಕ್ಕೆ ಹೋಗುವವರಿಗೆ 28 ದಿನದ ಮೇಲೆ ಕೊಡಬಹುದು ಅಂದರು. ಪಾಸ್‌ಪೋರ್ಟ್, ಲೆಟರ್ ಎರಡನ್ನೂ ಹಿಡಿದುಕೊಂಡು ಹೋಗಿ ಹಾಕಿಸಿಕೊಂಡೆ.

ಲಸಿಕೆ ಆಯಿತು, ಹೆಸರಿನಲ್ಲಿ ಸಿಕ್ಕಿಬಿದ್ದೆ. ನಮ್ಮ ಕಡೆಯವರಿಗೆ ಈ ಇನಿಷಿಯಲ್ ಒಂದು ಶನಿ. ಆಧಾರಿನಲ್ಲಿ ನನ್ನ ಹೆಸರಿನ ಹಿಂದೆ ಬರೀ ಒಂದು ಅಕ್ಷರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಪೂರ್ತಿ. ಕೋವಿನ್ ಸರ್ಟಿಫಿಕೇಟು ಆಧಾರ್ ಪ್ರಕಾರ ಬಂತು. ಏಜೆಂಟ್ ಆಫೀಸಿನ ಹುಡುಗಿ ಫೋನಿನಲ್ಲಿ, “ಅಂಕಲ್, ಇದರಲ್ಲಿ ಇರೋದು ನೀವೇನಾ?” ಅಂದಳು. ಕೋವಿನ್‌ನಲ್ಲಿ ಲಾಗಿನ್ ಆಗಿ ‘ರೈಸ್ ಆ್ಯನ್ ಇಶ್ಯೂ’ ಒತ್ತಿದರೆ ಪಾಸ್‌ಪೋರ್ಟ್ ನಂಬರ್ ಸೇರಿಸಬಹುದು, ಹೆಸರು ತಿದ್ದಬಹುದು. ತಿದ್ದಲಿಕ್ಕೆ ಒಂದೇ ಸಲ ಅವಕಾಶ. ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರ ಬೆರಳಿಟ್ಟು ಓದಿ ಹೊಡೆಯಿರಿ. ನಾನು ಮಗಳನ್ನು ಕೂರಿಸಿ ಓದಿಸಿದೆ, ಕನ್ನಡಕ ನಂಬಲಿಲ್ಲ.

ಆರ್‌ಟಿ-ಪಿಸಿಆರ್ ಕೊಡುವಾಗಲೂ ಆಧಾರ್ ತೋರಿಸಬೇಡಿ, ಪಾಸ್‌ಪೋರ್ಟ್ ಕೊಡಿ. ರಿಪೋರ್ಟಿನಲ್ಲಿ ಪಾಸ್‌ಪೋರ್ಟ್ ನಂಬರ್, ಕ್ಯೂಆರ್ ಕೋಡ್, ಸ್ಯಾಂಪಲ್ ತೆಗೆದ ತಾರೀಕು ಮತ್ತು ಗಂಟೆ ಇರಬೇಕು. ರಿಪೋರ್ಟ್ ಎಷ್ಟು ಗಂಟೆ ನಡೆಯುತ್ತದೆ ಅನ್ನುವ ಲೆಕ್ಕ ಶುರುವಾಗುವುದು ಸ್ಯಾಂಪಲ್ ತೆಗೆದಾಗಿನಿಂದ, ರಿಪೋರ್ಟ್ ಬಂದಾಗಿನಿಂದ ಅಲ್ಲ. ನನ್ನ ಮೊದಲ ರಿಪೋರ್ಟಿನಲ್ಲಿ ಗಂಟೆಯೇ ಇರಲಿಲ್ಲ. ಲ್ಯಾಬಿಗೆ ಮತ್ತೆ ಹೋಗಿ, ಸರದಿಯಲ್ಲಿ ನಿಂತು ಇನ್ನೊಂದು ಪ್ರಿಂಟ್ ತೆಗೆಸಿದೆ. ಕುಂದಾಪುರದಿಂದ ಬಸ್ಸಿನಲ್ಲಿ ಮುಂಬೈಗೆ ಹೋಗಿ ವಿಮಾನ ಹತ್ತುವವರು ಟೆಸ್ಟನ್ನು ಮುಂಬೈಯಲ್ಲೇ ಮಾಡಿಸುವುದು ಒಳ್ಳೆಯದು. ಊರಿನಲ್ಲೇ ಕೊಟ್ಟು ಹೊರಟರೆ ಅರ್ಧ ಸಮಯ ಘಾಟಿಯಲ್ಲೇ ಮುಗಿಯುತ್ತದೆ.

ಎಲ್ಲವನ್ನೂ ಎರಡು ಪ್ರತಿ ಪ್ರಿಂಟ್ ತೆಗೆಸಿ. ಫೋನಿನಲ್ಲಿದೆ ಅನ್ನಬೇಡಿ. ರಾತ್ರಿ ಎರಡು ಗಂಟೆಗೆ ಕೌಂಟರಿನ ಎದುರು ನಿಂತಾಗಲೇ ಫೋನಿನ ಚಾರ್ಜ್ ಮುಗಿಯುವುದು.

ಏಜೆಂಟರ ಬಗ್ಗೆ ಎರಡು ಮಾತು. ಕೆಲಸ ಕೊಡಿಸಲು ನಾವಿಕನಿಂದ ಸರ್ವಿಸ್ ಚಾರ್ಜ್ ತೆಗೆದುಕೊಳ್ಳುವಂತಿಲ್ಲ, ನಿಯಮ ಹಾಗಿದೆ. ಆರ್‌ಪಿಎಸ್‌ಎಲ್ (ನಾವಿಕರ ನೇಮಕಾತಿಯ ಲೈಸೆನ್ಸ್) ನಂಬರ್ ಕೇಳಿ, ಡಿ.ಜಿ. ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ಅದು ಇದೆಯಾ ನೋಡಿ. “ಸೀಟು ಕಡಿಮೆ, ನಾಳೆಯೇ ಹಣ ಹಾಕಿ” ಅಂದವನ ಫೋನ್ ಇಟ್ಟುಬಿಡಿ. ಸೊಸೈಟಿಯಲ್ಲಿ ಬಂಗಾರ ಅಡವಿಟ್ಟು ಅಂಥವರಿಗೆ ಕೊಟ್ಟವರನ್ನು ಈ ವರ್ಷ ನೋಡಿದ್ದೇನೆ.

ತೆರಿಗೆ ವಿಷಯವನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಇದ್ದ ದಿನ ಎಣಿಸಿ. 182 ದಿನಕ್ಕಿಂತ ಕಡಿಮೆ ಇದ್ದರೆ ಮಾತ್ರ ಆ ವರ್ಷಕ್ಕೆ ಎನ್‌ಆರ್‌ಐ. ನವೆಂಬರಿನಲ್ಲಿ ಹತ್ತುವವರಿಗೆ ಅಷ್ಟರಲ್ಲಿ 200 ದಾಟಿರುತ್ತದೆ. ಹೊರಡುವ ಮೊದಲೇ ಲೆಕ್ಕಪತ್ರ ನೋಡುವವರ ಹತ್ತಿರ ಒಮ್ಮೆ ಮಾತಾಡಿ. ಬ್ಯಾಂಕಿಗೆ ಕೊಟ್ಟ ಸಿಮ್ ಹಡಗಿನಲ್ಲೂ ಒಟಿಪಿ ತರಿಸಬೇಕು, ರೋಮಿಂಗ್ ಹಾಕಿಸಿ.

ಇನ್ನು ಹಡಗಿನ ಮೇಲೆ. ನನ್ನ ಮೊದಲ 7 ದಿನ ಒಂದೇ ಕ್ಯಾಬಿನ್ನಿನಲ್ಲಿ ಕಳೆಯಿತು. ಬಾಗಿಲು ತಟ್ಟುತ್ತಾರೆ, ನೀವು ಹತ್ತು ಎಣಿಸಿ ತೆಗೆಯಬೇಕು, ಕೆಳಗೆ ಊಟದ ಡಬ್ಬ. ಮೂರನೇ ದಿನಕ್ಕೆ ಅನ್ನ ಅನ್ನುವುದು ಕನಸಿನಲ್ಲಿ ಬರುತ್ತದೆ, ಚಟ್ನಿಪುಡಿ ತನ್ನಿ. ಕೆಟಲ್, ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡ್ ತರಬೇಡಿ, ಸೆಕ್ಯುರಿಟಿಯವರು ತೆಗೆದಿಡುತ್ತಾರೆ. ಕಾಂಟ್ರಾಕ್ಟ್ ಪೂರ್ತಿ ಬರುವಷ್ಟು ಬಿಪಿ, ಶುಗರ್ ಮಾತ್ರೆ ಡಾಕ್ಟರ ಚೀಟಿಯೊಂದಿಗೆ ತನ್ನಿ. ಬಂದರಿನಲ್ಲಿ ಇಳಿದು ತರೋಣ ಅನ್ನುವ ಕಾಲ ಅಲ್ಲ ಇದು. ಮೆಕ್ಸಿಕೊದ ಕೊಜುಮೆಲ್ ಊರನ್ನು ಈ ಸಲ ನಾನು ನೋಡಿದ್ದು ಮೂರನೇ ಡೆಕ್ಕಿನ ಬಾಗಿಲಿನಿಂದ.

ಕೆಲಸ ಬದಲಾಗಿದೆ. ಬಫೆಯಲ್ಲಿ ಪ್ರಯಾಣಿಕರು ತಾವೇ ಬಡಿಸಿಕೊಳ್ಳುವ ಹಾಗಿಲ್ಲ, ನಾವು ಬಡಿಸಬೇಕು. ಮಸ್ಟರ್ ಡ್ರಿಲ್‌ಗೆ (ಅಪಾಯದ ವೇಳೆ ಎಲ್ಲಿ ಸೇರಬೇಕು ಅನ್ನುವ ತಾಲೀಮು) ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುವುದಿಲ್ಲ. ಅವರು ಫೋನಿನಲ್ಲಿ ವಿಡಿಯೋ ನೋಡಿ, ತಮ್ಮ ಜಾಗಕ್ಕೆ ಬಂದು ಹಾಜರಿ ಹಾಕಿ ಹೋಗುತ್ತಾರೆ. ಹತ್ತು ಗಂಟೆ ಮಾಸ್ಕ್ ಹಾಕಿಕೊಂಡು ನಗಬೇಕು, ನಕ್ಕದ್ದು ಕಾಣಬೇಕು ಅಂದರೆ ಹುಬ್ಬು ಎತ್ತಿ ನಗಬೇಕು. ಇದನ್ನು ಮನೆಯ ಕನ್ನಡಿ ಎದುರು ರೂಢಿ ಮಾಡಿಕೊಳ್ಳಿ, ತಮಾಷೆ ಅಲ್ಲ. ನಮ್ಮ ಟಿಪ್ಸ್ ಇರುವುದು ಕಣ್ಣಿನಲ್ಲಿ. ಅದೂ ಕಡಿಮೆಯೇ: ನನ್ನ ಸ್ಟೇಷನ್‌ಗೆ (ನನ್ನ ಪಾಲಿನ ಮೇಜುಗಳಿಗೆ) ಮುಂಚೆ 24 ಜನ ಕೂರುತ್ತಿದ್ದರು, ಈಗ 12, ಒಳ್ಳೆಯ ವಾರದಲ್ಲಿ 14. ಹಳೇ ಕಾಂಟ್ರಾಕ್ಟಿನ ಲೆಕ್ಕ ಹಿಡಿದು ಮನೆಯವರಿಗೆ ಇಷ್ಟು ಕಳಿಸುತ್ತೇನೆ ಅಂತ ಮಾತು ಕೊಡಬೇಡಿ.

ಗಂಟಲು ಕೆರೆದರೆ ಆ ಕ್ಷಣವೇ ಮೆಡಿಕಲ್ ಸೆಂಟರಿಗೆ ಫೋನ್ ಮಾಡಿ. ಮುಚ್ಚಿಟ್ಟರೆ ನಿಮ್ಮ ಮೆಸ್ಸಿನಲ್ಲಿ ಕೂತವರೆಲ್ಲ ಕ್ವಾರಂಟೈನ್. ಹಡಗಿನಲ್ಲಿ ಕಾಯಿಲೆ ಬಿದ್ದರೆ ಚಿಕಿತ್ಸೆಯ ಖರ್ಚು ಕಂಪನಿಯದ್ದೇ, ಎಂಎಲ್‌ಸಿ ಅನ್ನುವ ನಾವಿಕರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದ ಹಾಗೆ ಹೇಳುತ್ತದೆ. ಸಹಿ ಹಾಕುವ ಮೊದಲು ಕಾಂಟ್ರಾಕ್ಟಿನಲ್ಲಿ ಒಂದು ಸಾಲು ಮಾತ್ರ ಹುಡುಕಿ: ಯಾನ ನಿಂತುಹೋದರೆ ಸಂಬಳ ಎಷ್ಟು ದಿನ, ಎಷ್ಟು? 2020ರಲ್ಲಿ ಬಹಾಮಾಸ್ ಹತ್ತಿರ ಲಂಗರು ಹಾಕಿ ಎರಡು ತಿಂಗಳು ಕೂತಾಗ ನನಗೆ ಬಾಲ್ಕನಿ ಇರುವ ಪ್ರಯಾಣಿಕರ ರೂಮೇ ಕೊಟ್ಟಿದ್ದರು. ಸಂಬಳ ಮಾತ್ರ ನಿಂತಿತ್ತು. ಆ ಸಾಲನ್ನು ನಾನು ಓದಿರಲಿಲ್ಲ.

ನನ್ನ ಸೈನ್ ಆಫ್, ಅಂದರೆ ಹಡಗು ಇಳಿಯುವುದು, ಏಪ್ರಿಲಿನಲ್ಲಿ. ಅಷ್ಟರೊಳಗೆ ನಮ್ಮ ಹಡಗಿಗೆ ಬರುವವರು ಯಾರಾದರೂ ಇದ್ದರೆ, ಒಂದು ಸಣ್ಣ ಬಾಟಲಿ ಮಿಡಿ ಉಪ್ಪಿನಕಾಯಿ ತನ್ನಿ. ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಳಿ ಶರ್ಟಿನಿಂದ ದೂರ ಇಡಿ. ನನ್ನದು ಫ್ರಾಂಕ್‌ಫರ್ಟಿನಲ್ಲಿ ಸೋರಿ, ಎರಡು ಯೂನಿಫಾರ್ಮ್ ಶರ್ಟಿನ ಕಾಲರಿನಲ್ಲಿ ಇವತ್ತಿಗೂ ಕೆಂಪು ಹೋಗಿಲ್ಲ.