ಅಡಿ ಆಮೇಲೆ ನೋಡಿ, ಮೊದಲು ಸೆಕೆಂಡ್ ನೋಡಿ: ಓಷನ್ ಬೀಚಿನ ಅಲೆ ಓದುವುದು ಹೇಗೆ?

ಸ್ಯಾನ್ ಫ್ರಾನ್ಸಿಸ್ಕೊದ ಓಷನ್ ಬೀಚಿಗೆ ನಾನು ಮೊದಲ ಸಲ ಸರ್ಫ್‌ಬೋರ್ಡ್ ಹಿಡಿದು ಇಳಿದ ದಿನ ಫೋನು '4 ಅಡಿ' ಅಂತ ತೋರಿಸುತ್ತಿತ್ತು. ನಾಲ್ಕಡಿ ತಾನೇ, ನಮ್ಮ ಮೂಲ್ಕಿ ಕಡೆ ಇದಕ್ಕಿಂತ ದೊಡ್ಡದು ನೋಡಿದ್ದೇನೆ ಅಂತ ಹೊರಟುಬಿಟ್ಟೆ. ನಲವತ್ತು ನಿಮಿಷ ಕೈ ಬೀಸಿದರೂ ಅಲೆ ಒಡೆಯುವ ಜಾಗ ದಾಟಲು ಆಗಲಿಲ್ಲ. ತಿರುಗಿ ನೋಡಿದರೆ ನಾನು ಇಳಿದ ಬೀದಿಯೇ ಕಾಣುತ್ತಿಲ್ಲ, ಸೆಳವು ಆರು ಬೀದಿಯಷ್ಟು ದಕ್ಷಿಣಕ್ಕೆ ಎಳೆದು ತಂದಿತ್ತು. ಬೆರಳು ಎಷ್ಟು ಮರಗಟ್ಟಿದ್ದವು ಅಂದರೆ, ಕಾರಿನ ಬಾಗಿಲ ಕೀಲಿ ತೆಗೆದುಕೊಟ್ಟದ್ದು ಅಲ್ಲಿ ನಾಯಿ ಸುತ್ತಾಡಿಸುತ್ತಿದ್ದ ಒಬ್ಬ ಅಜ್ಜ. ಅವರು ಕೇಳಿದ್ದು ಒಂದೇ ಮಾತು, "ಪೀರಿಯಡ್ ಎಷ್ಟಿತ್ತು, ನೋಡಿದೆಯಾ?"

ನೋಡಿರಲಿಲ್ಲ. 17 ಸೆಕೆಂಡ್ ಇತ್ತು.

ಈ ಲೇಖನ ಆ 17ರ ಬಗ್ಗೆ. ಬೇ ಏರಿಯಾದಲ್ಲಿರುವ ಕನ್ನಡದವರು ಈಗ ಸುಮಾರು ಜನ ಸರ್ಫಿಂಗ್ ಕಲಿಯಲು ಹೊರಟಿದ್ದಾರೆ. ಸರ್ಫಿಂಗ್ ಬೇಡ, ಊರಿಂದ ಬಂದ ಅಪ್ಪ ಅಮ್ಮನನ್ನು ಸುಮ್ನೆ ನೀರಿನ ಅಂಚಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುವವರಿಗೂ ಇದು ಬೇಕು. ಯಾಕೆಂದರೆ ಅಲ್ಲಿನ ಫಲಕದಲ್ಲೇ ಬರೆದಿದ್ದಾರೆ: ಇಲ್ಲಿ ಈಜಿದವರಷ್ಟೇ ಅಲ್ಲ, ನೀರಲ್ಲಿ ನಡೆದಾಡಿದವರೂ ಮುಳುಗಿ ಸತ್ತಿದ್ದಾರೆ. ಕಾವಲು ಗೋಪುರ ಹಾಕಿ ಕೂತ ಲೈಫ್‌ಗಾರ್ಡ್‌ಗಳೂ ಇಲ್ಲ.

ಮೊದಲು ಜಾಗ ಗೊತ್ತಿರಲಿ

ಉತ್ತರದ ಕ್ಲಿಫ್ ಹೌಸ್ ಬಂಡೆಯ ಬುಡದಿಂದ ದಕ್ಷಿಣದ ಸ್ಲೋಟ್ ಬೀದಿಯಾಚೆಗೂ ಐದೂವರೆ ಕಿಲೋಮೀಟರಿನಷ್ಟು ಉದ್ದದ ನೆಟ್ಟಗಿನ ಮರಳು. ಮುಖ ಪಡುವಣಕ್ಕೆ. ಅಲೆ ಒಡೆಯುವುದು ಬಂಡೆಯ ಮೇಲಲ್ಲ, ನೀರೊಳಗಿನ ಮರಳ ದಿಣ್ಣೆಗಳ ಮೇಲೆ. ಇಂಥ ಜಾಗಕ್ಕೆ ಬೀಚ್ ಬ್ರೇಕ್ ಅನ್ನುತ್ತಾರೆ. ದಿಣ್ಣೆ ಪ್ರತಿ ಚಳಿಗಾಲ ಜಾಗ ಬದಲಿಸುತ್ತದೆ. ಹೋದ ವರ್ಷ ನೊರಿಯೇಗಾ ಬೀದಿಯ ಎದುರು ಚೆನ್ನಾಗಿತ್ತು ಅಂತ ಈ ವರ್ಷವೂ ಅಲ್ಲೇ ಹೋಗಿ ನಿಂತರೆ ನಗೆಪಾಟಲು.

ಗೋಲ್ಡನ್ ಗೇಟ್, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಕಡಲಿಗೆ ಸೇರುವ ಜಲಸಂಧಿ, ಅದರ ಬಾಯಿಯ ಹೊರಗೆ ಕುದುರೆ ಲಾಳದ ಆಕಾರದ ಒಂದು ದೊಡ್ಡ ಮರಳ ದಂಡೆಯೂ ಇದೆ. ದೂರದಿಂದ ಬರುವ ಅಲೆಗಳು ಅದರ ಮೇಲೆ ಬಾಗಿ, ಒಂದು ಕಡೆ ಕೂಡಿಕೊಂಡು, ಇನ್ನೊಂದು ಕಡೆ ತೆಳುವಾಗಿ ದಡಕ್ಕೆ ಬರುತ್ತವೆ. ಅದಕ್ಕೇ ಒಂದೇ ದಿನ ಒಂದೇ ಹೊತ್ತಿಗೆ ಒಂದು ಬೀದಿಯ ಎದುರು ಸೊಂಟದೆತ್ತರ, ಹದಿನೈದು ಬೀದಿ ಆಚೆ ತಲೆ ಮೇಲೆ.

ಸೆಕೆಂಡಿನ ಲೆಕ್ಕ

ಯಾವ ಆ್ಯಪ್ ತೆರೆದರೂ ಮೂರು ಅಂಕಿ ಇರುತ್ತವೆ. ಉದಾಹರಣೆಗೆ: 5 ಅಡಿ, 16 ಸೆಕೆಂಡ್, 290 ಡಿಗ್ರಿ. ಕಣ್ಣು ಮೊದಲು ಅಡಿಗೆ ಹೋಗುತ್ತದೆ. ಬೆರಳಿನಿಂದ ಅದನ್ನು ಮುಚ್ಚಿ. ನಡುವಿನದು ಓದಿ.

ಪೀರಿಯಡ್ ಅಂದರೆ ಒಂದು ಅಲೆಯ ತಲೆ ಹೋದ ಮೇಲೆ ಮುಂದಿನ ಅಲೆಯ ತಲೆ ಬರಲು ಹಿಡಿಯುವ ಹೊತ್ತು. 7–8 ಸೆಕೆಂಡ್ ಅಂದರೆ ಹತ್ತಿರದ ಗಾಳಿ ಎಬ್ಬಿಸಿದ ಚಿಲ್ಲರೆ ಅಲೆ. 14ರಿಂದ ಮೇಲೆ ಹೋದರೆ ಅದು ಅಲಾಸ್ಕಾ ಕೊಲ್ಲಿಯಲ್ಲೋ ಅಲ್ಯೂಶಿಯನ್ ದ್ವೀಪಗಳ ಹತ್ತಿರವೋ ಎದ್ದ ಬಿರುಗಾಳಿ ಕಳಿಸಿದ ಸ್ವೆಲ್, ಅಂದರೆ ದೂರದಿಂದ ಸಾಗಿ ಬಂದ ಅಲೆ. ವ್ಯತ್ಯಾಸ ಎಷ್ಟು ಗೊತ್ತಾ? ಆಳದ ನೀರಿನಲ್ಲಿ 8 ಸೆಕೆಂಡಿನ ಅಲೆಯ ಉದ್ದ ಸುಮಾರು 100 ಮೀಟರ್. 16 ಸೆಕೆಂಡಿನದು 400 ಮೀಟರ್. ಅಲೆ ತನ್ನ ಉದ್ದದ ಅರ್ಧದಷ್ಟು ಆಳದವರೆಗೆ ನೀರನ್ನು ಅಲುಗಿಸುತ್ತದೆ. ಅಂದರೆ ಮೊದಲನೆಯದು 50 ಮೀಟರ್, ಎರಡನೆಯದು 200 ಮೀಟರ್. ಹೊರಗೆ ಎರಡೂ '5 ಅಡಿ'ಯೇ. ದಡಕ್ಕೆ ಬಂದಾಗ ಉದ್ದದ ಅಲೆ ನಿಧಾನವಾಗಿ, ತನ್ನೊಳಗಿನದನ್ನೆಲ್ಲ ಮೇಲಕ್ಕೆ ಎತ್ತಿಕೊಂಡು ನಿಲ್ಲುತ್ತದೆ. ಚಿಲ್ಲರೆ ಅಲೆ ಅಷ್ಟು ಬೆಳೆಯುವುದಿಲ್ಲ. ನನ್ನ 4 ಅಡಿ ದಿಣ್ಣೆಯ ಮೇಲೆ ನನ್ನ ತಲೆಗಿಂತ ಎತ್ತರವಾಗಿದ್ದು ಹೀಗೆ.

ಇನ್ನೊಂದು ಮೋಸ ಇದೆ. 17 ಸೆಕೆಂಡಿನ ದಿನ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಹತ್ತು ಹದಿನೈದು ನಿಮಿಷ ಕಡಲು ಕೆರೆಯ ಹಾಗೆ. ಆ ಹೊತ್ತಿಗೆ ಬಂದವರು 'ಏನೂ ಇಲ್ಲವಲ್ಲ' ಅಂತ ಮಗುವನ್ನು ಬಿಟ್ಟು ಸೆಲ್ಫಿ ತೆಗೆಯುತ್ತಾರೆ. ಆಮೇಲೆ ಬರುವ ಅಲೆ ಒಣ ಮರಳನ್ನೂ ದಾಟಿ ಮೇಲೆ ಹತ್ತುತ್ತದೆ. ಇದಕ್ಕೆ ಇಲ್ಲಿ ಸ್ನೀಕರ್ ವೇವ್ ಅನ್ನುತ್ತಾರೆ, ಕಳ್ಳ ಅಲೆ ಅಂತಲೇ ಅನ್ನಬಹುದು. ನಮ್ಮ ಪಕ್ಕದ ಮಲಯಾಳಿಗಳೂ ಗಾಳಿಯಿಲ್ಲದೆ ಏಕಾಏಕಿ ಉಕ್ಕಿ ಬರುವ ಕಡಲಿಗೆ 'ಕಳ್ಳಕ್ಕಡಲ್' ಅನ್ನುತ್ತಾರೆ, ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಅದರ ಎಚ್ಚರಿಕೆ ಕೊಡುತ್ತದೆ. ಕಾರಣ ಅಲ್ಲೂ ಅದೇ: ಎಲ್ಲೋ ದಕ್ಷಿಣದ ಮಹಾಸಾಗರದಲ್ಲಿ ಎದ್ದ ಬಿರುಗಾಳಿ, ಇಲ್ಲಿ ಬಂದು ಬಡಿಯುವ ಉದ್ದ ಪೀರಿಯಡ್ಡಿನ ಅಲೆ.

ಡಿಗ್ರಿ ಅಂದರೆ ಅಲೆ ಬರುವ ದಿಕ್ಕು, ಹೋಗುವ ದಿಕ್ಕಲ್ಲ. 270 ಅಂದರೆ ನೇರ ಪಶ್ಚಿಮ. 290 ಇಲ್ಲಿನ ಚಳಿಗಾಲದ ಮಾಮೂಲಿ. 315 ದಾಟಿ ಉತ್ತರಕ್ಕೆ ಹೋದರೆ ಪಾಯಿಂಟ್ ರೇಯಸ್ ಭೂಶಿರ ಅಡ್ಡ ಬಂದು ಸ್ವಲ್ಪ ನೆರಳು ಕೊಡುತ್ತದೆ. ಬೇಸಿಗೆಯಲ್ಲಿ 200ರ ಆಸುಪಾಸು ಕಂಡರೆ ಅದು ನ್ಯೂಜಿಲೆಂಡ್ ಕಡೆಯಿಂದ ಭೂಮಧ್ಯರೇಖೆ ದಾಟಿ ಬಂದ ಅತಿಥಿ.

ಬೂಯಿಯನ್ನು ಕೇಳಿ

ಮುನ್ಸೂಚನೆ ಎಷ್ಟೆಂದರೂ ಕಂಪ್ಯೂಟರಿನ ಅಂದಾಜು. ನಿಜವಾಗಿ ಏನು ಬರುತ್ತಿದೆ ಅಂತ ಹೇಳುವುದು ಕಡಲಲ್ಲಿ ಲಂಗರು ಹಾಕಿ ನಿಲ್ಲಿಸಿದ ಬೂಯಿ, ನಮ್ಮ ತೇಲುಬುರುಡೆಯ ದೊಡ್ಡಣ್ಣ. ಇಲ್ಲಿನವರು ಬಾಯಿಪಾಠ ಮಾಡಿಕೊಂಡಿರುವ ನಂಬರ್ 46026. ಸ್ಯಾನ್ ಫ್ರಾನ್ಸಿಸ್ಕೊದಿಂದ 18 ನಾಟಿಕಲ್ ಮೈಲು, ಅಂದರೆ ಸುಮಾರು 33 ಕಿಲೋಮೀಟರ್ ಪಶ್ಚಿಮಕ್ಕಿದೆ. ನ್ಯಾಷನಲ್ ಡೇಟಾ ಬೂಯಿ ಸೆಂಟರಿನ ಪುಟದಲ್ಲಿ ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ.

16 ಸೆಕೆಂಡಿನ ಸ್ವೆಲ್ ಗಂಟೆಗೆ ಸುಮಾರು 45 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಬಿರುಗಾಳಿ 3000 ಕಿಲೋಮೀಟರ್ ದೂರ ಇದ್ದರೆ ಮೂರು ದಿನದೊಳಗೆ ಇಲ್ಲಿರುತ್ತದೆ. ಬೂಯಿಯಿಂದ ದಡಕ್ಕೆ ಮುಕ್ಕಾಲು ಗಂಟೆ. ಮನೆಯಲ್ಲಿ ಕಾಫಿ ಕುಡಿಯುತ್ತಾ ಬೂಯಿ ನೋಡಿದರೆ, ನೀವು ಎನ್ ಜುಡಾ ಟ್ರೈನಿನಲ್ಲಿ ಕೊನೆಯ ಸ್ಟಾಪಿಗೆ ಬರುವ ಹೊತ್ತಿಗೆ ಆ ಅಲೆಯೂ ಬಂದಿರುತ್ತದೆ. ಉದ್ದ ಪೀರಿಯಡ್ಡಿನವು ಜೋರಾಗಿ ಓಡುವುದರಿಂದ ಮೊದಲು ಬರುತ್ತವೆ. ಹಾಗಾಗಿ ಬೂಯಿಯಲ್ಲಿ ಎತ್ತರ ಇನ್ನೂ ಏರದೆ ಪೀರಿಯಡ್ ಮಾತ್ರ 9ರಿಂದ 19ಕ್ಕೆ ಹಾರಿದರೆ, ಹೊಸ ಸ್ವೆಲ್ ಬಾಗಿಲು ತಟ್ಟುತ್ತಿದೆ ಅಂತ ಅರ್ಥ. ಬೆಳಿಗ್ಗೆ ಸಣ್ಣದಿತ್ತಲ್ಲ ಅಂತ ಮಧ್ಯಾಹ್ನ ಇಳಿಯುವವರು ಸಿಕ್ಕಿಬೀಳುವುದು ಇಂಥ ದಿನಗಳಲ್ಲೇ.

ಬೂಯಿಯ ಪುಟದಲ್ಲಿ ಸ್ವೆಲ್ ಬೇರೆ, ಗಾಳಿ ಅಲೆ ಬೇರೆ ಅಂತ ಬಿಡಿಸಿ ತೋರಿಸುವ ಕೋಷ್ಟಕವೂ ಇದೆ, ಅದನ್ನೇ ನೋಡಿ. 5 ಅಡಿ ಸ್ವೆಲ್, 6 ಅಡಿ ಗಾಳಿ ಅಲೆ ಸೇರಿದರೆ 11 ಆಗುವುದಿಲ್ಲ, ಸುಮಾರು 8 ಆಗುತ್ತದೆ. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯುವ ಲೆಕ್ಕ. ಒಟ್ಟು 8 ಅಡಿ ಅಂತ ನೋಡಿ ಖುಷಿಪಟ್ಟು ಬಂದರೆ ಕಾಣುವುದು ಕಲಸಿದ ರಾಗಿ ಅಂಬಲಿ. ಮತ್ತೆ, ಅಲ್ಲಿ ಬರೆಯುವ ಎತ್ತರ ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ಅದರ ಹೆಚ್ಚುಕಡಿಮೆ ದುಪ್ಪಟ್ಟು ಎತ್ತರದ್ದು ಆಗೊಂದು ಈಗೊಂದು ಬಂದೇ ಬರುತ್ತದೆ.

ಗಾಳಿ, ಉಬ್ಬರ

ಗಾಳಿ ದಡದಿಂದ ಕಡಲಿಗೆ, ಅಂದರೆ ಪೂರ್ವದಿಂದ ಬೀಸಿದರೆ ಅಲೆಯ ಮುಖ ನುಣುಪಾಗಿ ಎದ್ದು ನಿಲ್ಲುತ್ತದೆ. ಕಡಲಿಂದ ಬೀಸಿದರೆ ಕುಸಿದು ನೊರೆಯಾಗುತ್ತದೆ. ಮಾರ್ಚಿನಿಂದ ಜುಲೈವರೆಗೆ ಮಧ್ಯಾಹ್ನ ವಾಯವ್ಯದ ಗಾಳಿ ತಪ್ಪುವುದೇ ಇಲ್ಲ ಅನ್ನಬಹುದು, ಒಳನಾಡಿನ ಕಣಿವೆ ಕಾದು ತಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆ ಬೇಗ ಬನ್ನಿ. ಒಳ್ಳೆಯ ಕಾಲ ಅಂದರೆ ಸೆಪ್ಟೆಂಬರಿನಿಂದ ನವೆಂಬರ್: ಗಾಳಿ ಪೂರ್ವದ್ದು, ಸ್ವೆಲ್ ಶುರುವಾಗಿರುತ್ತದೆ, ಬಿಸಿಲೂ ಇರುತ್ತದೆ. ದೊಡ್ಡ ಬಿಳಿ ಶಾರ್ಕ್‌ಗಳಿಗೂ ಈ ಕರಾವಳಿ ಇಷ್ಟವಾಗುವುದು ಇದೇ ಕಾಲದಲ್ಲಿ, ಅದನ್ನು ಮನೆಯವರಿಗೆ ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು.

ಉಬ್ಬರ ಇಳಿತ ಇಲ್ಲಿ ದಿನಕ್ಕೆ ಎರಡೆರಡು, ಆದರೆ ಎರಡೂ ಸಮ ಅಲ್ಲ. ಗೋಲ್ಡನ್ ಗೇಟಿನ ಉಬ್ಬರಮಾಪಕ 1854ರಿಂದ ಬಿಡದೆ ಅಳೆಯುತ್ತಿದೆ, ಹಾಗಾಗಿ ಈ ಒಂದು ಅಂಕಿಯನ್ನು ಕಣ್ಣುಮುಚ್ಚಿ ನಂಬಬಹುದು. ಉಬ್ಬರ ಪೂರ್ತಿ ತುಂಬಿದಾಗ ಅಲೆ ದಪ್ಪಗಾಗಿ ದಡದ ಹತ್ತಿರವೇ ಬೀಳುತ್ತದೆ. ತೀರಾ ಇಳಿದಾಗ ಬಾಗಿಲು ಹಾಕಿದ ಹಾಗೆ ಉದ್ದಕ್ಕೂ ಒಮ್ಮೆಲೇ ಕವಿಚಿಕೊಳ್ಳುತ್ತದೆ. ನನಗೆ ಒಗ್ಗುವುದು ನಡುವಿನ, ಏರುವ ಉಬ್ಬರ. ದೊಡ್ಡ ಇಳಿತದ ಹೊತ್ತಲ್ಲಿ ಕೊಲ್ಲಿಯ ನೀರೆಲ್ಲ ಗೇಟಿನಿಂದ ಹೊರಗೆ ನುಗ್ಗುತ್ತದೆ, ಉತ್ತರದ ತುದಿಯಲ್ಲಿ ಹೊಸಬರು ಇರಲೇಬಾರದು.

ಚಳಿ

ನೆಂಟರು ಜುಲೈನಲ್ಲಿ ಟೀ ಶರ್ಟ್ ಹಾಕಿಕೊಂಡು ಬಂದು ನಡುಗುವುದು ಇಲ್ಲಿನ ವಾರ್ಷಿಕ ಜಾತ್ರೆ. ಪಣಂಬೂರಿನ ನೀರು ಸ್ನಾನದ ನೀರಿನ ಹಾಗೆ 28 ಡಿಗ್ರಿ ಇರುವಾಗ ಇಲ್ಲಿ 11–12 ಡಿಗ್ರಿ ಸೆಲ್ಸಿಯಸ್. ವಾಯವ್ಯದ ಗಾಳಿ ಮೇಲಿನ ನೀರನ್ನು ಕರಾವಳಿಯಿಂದ ಆಚೆ ತಳ್ಳುತ್ತದೆ, ಆ ಜಾಗ ತುಂಬಲು ಅಡಿಯ ತಣ್ಣೀರು ಮೇಲೆ ಬರುತ್ತದೆ. ಅದಕ್ಕೇ ನೀರು ಅತಿ ತಣ್ಣಗಿರುವುದು ಡಿಸೆಂಬರಿನಲ್ಲಲ್ಲ, ಏಪ್ರಿಲ್‌ನಿಂದ ಜೂನ್ ನಡುವೆ. ಸೆಪ್ಟೆಂಬರಿಗೆ 14–15ಕ್ಕೆ ಏರುತ್ತದೆ.

ವೆಟ್‌ಸೂಟ್ ಅಂದರೆ ನೀರಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು. ಅದರಲ್ಲಿ '4/3' ಅಂದರೆ ಎದೆಯ ಕಡೆ 4 ಮಿಲಿಮೀಟರ್, ಕೈಕಾಲಿಗೆ 3. ಅದಕ್ಕಿಂತ ತೆಳು ಬೇಡ. ಕಾಲಿಗೆ ಬೂಟು, ತಲೆಗೆ ಟೋಪಿ ಬೇಕು. ಬೆಚ್ಚಗಿಡುವುದು ಈ ನಿಯೋಪ್ರಿನ್ ರಬ್ಬರಿನ ಒಳಗಿನ ಸಣ್ಣ ಗುಳ್ಳೆಗಳು. ಸೂಟು ದೊಗಳೆಯಾಗಿದ್ದರೆ ಪ್ರತಿ ಅಲೆಗೂ ತಣ್ಣೀರು ಬೆನ್ನಲ್ಲಿ ಇಳಿದು ಎಲ್ಲವೂ ವ್ಯರ್ಥ. ನನ್ನ ಮೊದಲ ಬಾಡಿಗೆ ಸೂಟು ಎರಡು ಸೈಜ್ ದೊಡ್ಡದಿತ್ತು, ಮಂಡಿಯಲ್ಲಿ ತೂತು ಬೇರೆ. ಅಂದಹಾಗೆ ಸರ್ಫರ್‌ಗಳಿಗೆ ವೆಟ್‌ಸೂಟ್ ಮಾಡಿಕೊಟ್ಟು ಹೆಸರಾದ ಜ್ಯಾಕ್ ಒ'ನೀಲ್ 1952ರಲ್ಲಿ ತಮ್ಮ ಸರ್ಫ್ ಅಂಗಡಿ ಶುರು ಮಾಡಿದ್ದು ಇದೇ ದಂಡೆಯ ಹತ್ತಿರದ ಒಂದು ಗ್ಯಾರೇಜಿನಲ್ಲಿ. ಈ ನೀರಿಗೆ ಇಳಿದವನಿಗೆ ಅಂಥ ಐಡಿಯಾ ಬರದೇ ಇರುತ್ತದೆಯೇ?

ಇಳಿದ ಕೂಡಲೇ ಉಸಿರು ಕಟ್ಟಿದ ಹಾಗಾಗುತ್ತದೆ. ಒಂದು ನಿಮಿಷ ಸೊಂಟದ ನೀರಲ್ಲೇ ನಿಲ್ಲಿ, ಉಸಿರು ಹದಕ್ಕೆ ಬರಲಿ. ಕೈಬೆರಳು ಒಂದಕ್ಕೊಂದು ಜೋಡಿಸಲು ಆಗದಿದ್ದರೆ ಹೊರಗೆ ಬನ್ನಿ. 'ಇನ್ನೊಂದೇ ಅಲೆ' ಅನ್ನಬೇಡಿ.

ಮರಳಿನ ಮೇಲೆ ಇಪ್ಪತ್ತು ನಿಮಿಷ

ಇಷ್ಟೆಲ್ಲ ಓದಿದ ಮೇಲೂ ಕೊನೆಯ ತೀರ್ಮಾನ ದಡದಲ್ಲಿ. ಮೊದಲು ಗ್ರೇಟ್ ಹೈವೇಯಲ್ಲಿ ಕಾರಿನಿಂದಲೇ ಇಣುಕಬಹುದಿತ್ತು. 2025ರಲ್ಲಿ ಆ ರಸ್ತೆಯ ಲಿಂಕನ್ ಬೀದಿಯಿಂದ ಸ್ಲೋಟ್‌ವರೆಗಿನ ಭಾಗ ಸನ್‌ಸೆಟ್ ಡ್ಯೂನ್ಸ್ ಅನ್ನುವ ಪಾರ್ಕ್ ಆಯಿತು. ಒಳ್ಳೆಯದೇ ಆಯಿತು, ನಡೆದು ನೋಡಿದಷ್ಟು ಕಾರಲ್ಲಿ ಕಾಣುವುದಿಲ್ಲ.

ದಿಬ್ಬ ಹತ್ತಿ ಕೂತು ಒಂದು ದೊಡ್ಡ ಗುಂಪು ಬರುವವರೆಗೂ ಕಾಯಿರಿ. ಬಿಳಿ ನೊರೆಯ ನಡುವೆ ಅಲೆ ಒಡೆಯದ, ಸ್ವಲ್ಪ ಕಪ್ಪಗೆ, ಮೇಲ್ಮೈ ಸುಕ್ಕುಗಟ್ಟಿದ ಓಣಿ ಕಾಣುತ್ತದೆ. ನೋಡಲು ಅದೇ ಶಾಂತ ಜಾಗ ಅನ್ನಿಸುತ್ತದೆ, ಅದೇ ರಿಪ್ ಕರೆಂಟ್. ಬಲ್ಲವರು ಅದರಲ್ಲೇ ಹೊರಗೆ ಹೋಗುತ್ತಾರೆ. ಅರಿಯದವರನ್ನು ಅದು ಎಳೆದುಕೊಂಡು ಹೋಗುತ್ತದೆ. ಸಿಕ್ಕಿಬಿದ್ದರೆ ದಡದ ಕಡೆ ಗುದ್ದಾಡಬೇಡಿ, ದಡಕ್ಕೆ ಸಮಾನಾಂತರವಾಗಿ ನೊರೆ ಇರುವ ಕಡೆ ಈಜಿ. ಆಮೇಲೆ ನೀರಲ್ಲಿರುವ ಒಬ್ಬ ಸರ್ಫರ್‌ನನ್ನು ಆರಿಸಿಕೊಂಡು ಹಿಂದಿನ ಒಂದು ದೀಪದ ಕಂಬಕ್ಕೋ ಮನೆಗೋ ಗುರಿ ಇಟ್ಟು ಐದು ನಿಮಿಷ ನೋಡಿ. ಎಷ್ಟು ಬೀದಿ ಜರುಗಿದ? ಅದೇ ಇವತ್ತಿನ ಸೆಳವು.

ಮಾಂಟೆರೆಯಲ್ಲಿರುವ ಹವಾಮಾನ ಇಲಾಖೆಯ ಕಚೇರಿ 'ಹೈ ಸರ್ಫ್ ಅಡ್ವೈಸರಿ' ಅಥವಾ 'ಬೀಚ್ ಹಜಾರ್ಡ್ಸ್' ಎಚ್ಚರಿಕೆ ಕೊಟ್ಟಿದ್ದರೆ ಈ ಇಪ್ಪತ್ತು ನಿಮಿಷವೂ ಬೇಡ, ದಿಬ್ಬದ ಮೇಲಿಂದ ಫೋಟೊ ತೆಗೆದು ಮನೆಗೆ ಹೋಗಿ. ಜೋರು ಮಳೆ ಬಂದ ಮೇಲೆ ಮೂರು ದಿನವೂ ಬೇಡ: ಈ ಊರಲ್ಲಿ ಮಳೆನೀರು, ಚರಂಡಿ ನೀರು ಒಂದೇ ಕೊಳವೆಯಲ್ಲಿ ಹರಿಯುತ್ತವೆ, ತುಂಬಿ ಹೊರಳಿದಾಗ ಎಲ್ಲಿಗೆ ಬರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಆ 5 ಅಡಿ, 16 ಸೆಕೆಂಡ್, 290 ಡಿಗ್ರಿಗೆ ಬರೋಣ. ನವೆಂಬರ್ ಬೆಳಿಗ್ಗೆ, ಪೂರ್ವದ ಗಾಳಿ 5 ನಾಟ್, ಉಬ್ಬರ ಏರುತ್ತಿದೆ. ನುರಿತವರಿಗೆ ರಜೆ ಹಾಕುವಂಥ ದಿನ. ಇದೇ ಮೊದಲ ವರ್ಷವಾಗಿದ್ದರೆ ಬೋರ್ಡನ್ನು ಕಾರಿನ ಮೇಲೇ ಬಿಟ್ಟು ದಕ್ಷಿಣಕ್ಕೆ ಪಸಿಫಿಕಾದ ಲಿಂಡಾ ಮಾರ್‌ಗೆ ಹೊರಡಿ. ಅದು ಒಂದು ಪುಟ್ಟ ಕೊಲ್ಲಿಯೊಳಗಿನ ದಂಡೆ, ಅಲೆ ಅರ್ಧಕ್ಕೆ ಇಳಿದಿರುತ್ತದೆ, ಕಲಿಯುವವರು ನೂರಾರು ಜನ ಇರುತ್ತಾರೆ. ಓಷನ್ ಬೀಚಿಗೆ 3 ಅಡಿ, 9 ಸೆಕೆಂಡಿನ ಗಾಳಿಯಿಲ್ಲದ ಬೆಳಿಗ್ಗೆ ನೋಡಿ ಬನ್ನಿ.

ಬರುವಾಗ ಒಂದು ಕ್ಯಾನಿನಲ್ಲಿ ಬಿಸಿನೀರು ತುಂಬಿ ಟವೆಲ್ ಸುತ್ತಿ ಕಾರಿನಲ್ಲಿಡಿ. ಹೊರಗೆ ಬಂದ ಮೇಲೆ ಮೊದಲು ಕೈಮೇಲೆ ಹಾಕಿಕೊಳ್ಳಿ, ಆಮೇಲೆ ಕೀಲಿ ಹುಡುಕಿ.