ಬಚ್ಚಲೊಲೆಗೆ ಹೋದ ಪಕ್ಕಾಸು, ಕೈತಪ್ಪಿದ 38 ಸಾವಿರ

ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳೇ ಹೆಂಚಿನ ಮನೆ. ಕಳೆದ ವರ್ಷ ಮೇ ತಿಂಗಳ ಗಾಳಿಮಳೆಗೆ ತೋಟದ ಅಂಚಿನ ಸಿಲ್ವರ್ ಮರ ಬುಡಸಮೇತ ಕಿತ್ತು ಅಡುಗೆಮನೆಯ ಮಾಡಿನ ಮೇಲೆ ಬಿತ್ತು. ದೇವರ ದಯೆ, ಎಲ್ಲರೂ ಜಗಲಿಯಲ್ಲಿದ್ದೆವು. ಹೆಂಚು, ಅದನ್ನು ಹೊತ್ತ ರೀಪು (ಅಡ್ಡಪಟ್ಟಿ), ಪಕ್ಕಾಸು (ಇಳಿಜಾರಿನ ಮರದ ತೊಲೆ) ಎಲ್ಲಾ ನೆಲಕ್ಕೆ. ರಾತ್ರಿಯಿಡೀ ನೀರು ಸುರಿದು ಒಂದು ಮಣ್ಣಿನ ಗೋಡೆಯೂ ಕೂತುಬಿಟ್ಟಿತು.

ಬ್ಯಾಂಕ್ ಸಾಲದ ಜೊತೆ ಮಾಡಿಸಿದ್ದ ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆ ಪಾಲಿಸಿ ಇತ್ತು. ಮರುದಿನವೇ ಫೋನ್ ಮಾಡಿ ಕ್ಲೇಮ್ ನಂಬರ್ ತಗೊಂಡೆ, ಫೋಟೋ ತೆಗೆದೆ, ಮೇಲೆ ಟಾರ್ಪಾಲ್ ಕಟ್ಟಿಸಿದೆ. ಇಷ್ಟು ಸರಿಯಾಗೇ ಮಾಡಿದೆ. ತಪ್ಪಿದ್ದು ಮಾಡಿನ ಮರದ ವಿಷಯದಲ್ಲಿ. ಅಡುಗೆಮನೆ ಖಾಲಿ ಮಾಡುವ ಭರದಲ್ಲಿ ಮುರಿದ ಮರವನ್ನೆಲ್ಲಾ ಬಚ್ಚಲ ಹಿಂದೆ ರಾಶಿ ಹಾಕಿಸಿದೆ. ನಷ್ಟ ಅಂದಾಜು ಮಾಡಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬರುವ ಹೊತ್ತಿಗೆ ಅದರಲ್ಲಿ ಒಂದಷ್ಟು ಒಲೆ ಸೇರಿತ್ತು. ಮಳೆಗಾಲದ ಬಾಗಿಲಲ್ಲಿ ಒಣ ಸೌದೆ ಕಂಡರೆ ಯಾರು ಬಿಡ್ತಾರೆ?

ಸರ್ವೇಯರ್ ಅರ್ಧ ಗಂಟೆ ನೋಡಿ ಹೋದರು. ದುರಸ್ತಿಗೆ ನನಗಾದ ಖರ್ಚು 2,34,000. ಕಂಪನಿ ಒಪ್ಪಿದ್ದು 78,400. ಪೂರ್ಣ ತೃಪ್ತಿಯಿಂದ ಪಡೆದಿದ್ದೇನೆ ಅಂತ ಸಹಿ ಹಾಕುವ ಒಂದು ಕಾಗದವೂ ಜೊತೆಗೆ ಬಂತು. ಅದಕ್ಕೆ ನಾನು ಸಹಿ ಹಾಕಲಿಲ್ಲ. ಸರ್ವೇ ವರದಿಯ ಪ್ರತಿ ಕೊಡಿ ಅಂತ ಮೊದಲು ಇಮೇಲ್ ಹಾಕಿದೆ. ಕೇಳಿದರೆ ಕೊಡಬೇಕು, ಆದರೆ ಕೇಳದೆ ಯಾರೂ ಕೊಡುವುದಿಲ್ಲ.

ವರದಿ ನೋಡಿದ ಮೇಲೆ ಲೆಕ್ಕ ಬಿಚ್ಚಿಕೊಂಡಿತು. ಮರಗೆಲಸದ 1,22,000 ಪೂರ್ತಿ ಹೊಡೆದುಹಾಕಿದ್ದರು. ಪಕ್ಕಾಸು ಗೆದ್ದಲು ತಿಂದು ಲಡ್ಡಾಗಿತ್ತು, ಅದು ಸವಕಳಿ, ಸವಕಳಿಗೆ ವಿಮೆ ಇಲ್ಲ ಎಂಬುದು ಅವರ ಮಾತು. ಉಳಿದ 1,12,000ದಲ್ಲೂ ಶೇ. 30 ಕಡಿತ. ಮನೆಯ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಅನ್ನುವುದು ಅದಕ್ಕೆ ಕಾರಣ.

ಎರಡನೆಯದು ಸುಲಭವಾಗಿ ಬಿದ್ದುಹೋಯಿತು. ಈ ಪಾಲಿಸಿಯಲ್ಲಿ ಕಡಿಮೆ ವಿಮೆಯ ಹೆಸರಲ್ಲಿ ಹಾಗೆ ಕಡಿತ ಮಾಡುವಂತಿಲ್ಲ ಅಂತ ಷರತ್ತಿನಲ್ಲೇ ಇದೆ. 2021ರ ಏಪ್ರಿಲ್‌ನಿಂದ ಬಂದ ಪಾಲಿಸಿ ಇದು. ಆ ಪುಟಕ್ಕೆ ಗುರುತು ಹಾಕಿ ಕಂಪನಿಯ ದೂರು ಅಧಿಕಾರಿಗೆ ಕಳಿಸಿದೆ. ಎರಡು ವಾರದಲ್ಲಿ ಮೊತ್ತ 1,12,000 ಆಯಿತು. ಸರ್ವೇಯರ್‌ಗೆ ಗೊತ್ತಿರಲಿಲ್ವಾ? ಇರಲಿ ಬಿಡಿ.

ಮರದ್ದೇ ದೊಡ್ಡ ಜಗಳ. ನಮ್ಮ ಮರಗೆಲಸದ ಆಚಾರ್ರು ರಾಶಿಯಲ್ಲಿ ಉಳಿದಿದ್ದ ಪಕ್ಕಾಸು ಒಂದೊಂದಾಗಿ ಎತ್ತಿ ಮುರಿದ ತುದಿ ತೋರಿಸಿದರು. "ನೋಡಿ ಸ್ವಾಮಿ, ಗಟ್ಟಿ ಮರ ಮುರಿದರೆ ಉದ್ದುದ್ದ ಸಿಬಿರು ಏಳತ್ತೆ, ಒಳಗೆ ಬಣ್ಣ ತಿಳಿಯಾಗಿರತ್ತೆ. ಗೆದ್ದಲು ತಿಂದದ್ದು ಪಟ್ಟಂತ ಮೊಟಕಾಗಿ ಮುರಿಯತ್ತೆ, ಒಳಗೆ ಮಣ್ಣು." ಉಳಿದಿದ್ದ 12ರಲ್ಲಿ ಗೆದ್ದಲು ಹಿಡಿದಿದ್ದು ಎರಡೇ, ಅದೂ ಗೋಡೆಗೆ ತಾಗುವ ತುದಿಯಲ್ಲಿ. ಪ್ರತಿ ತುಂಡಿಗೂ ಸುಣ್ಣದಲ್ಲಿ ನಂಬರ್ ಬರೆದು, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು ಫೋಟೋ ತೆಗೆದೆ. ಆಚಾರ್ರಿಂದ ಅದೇ ಮಾತನ್ನು ಬರೆಸಿ ಸಹಿ ಹಾಕಿಸಿದೆ. ಗ್ರಾಮ ಆಡಳಿತಾಧಿಕಾರಿ ಆ ವಾರವೇ ಮಾಡಿದ್ದ ಮಹಜರಿನಲ್ಲಿ ಮರ ಬಿದ್ದು ಮಾಡು ಕುಸಿದಿದೆ ಅಂತ ಇತ್ತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ನಮ್ಮ ಹೋಬಳಿಯ ಆ ದಿನದ ಮಳೆ, ಗಾಳಿಯ ವಿವರವನ್ನೂ ಸೇರಿಸಿದೆ. ನಾನು ಬರೆದ ವಾದ ಒಂದೇ ಸಾಲು: ಮರ ಬೀಳದಿದ್ದರೆ ಈ ಮಾಡು ಅವತ್ತು ಬೀಳುತ್ತಿತ್ತಾ?

ಕಂಪನಿ ಜಗ್ಗಲಿಲ್ಲ. ದೂರು ಕೊಟ್ಟು ಒಂದು ತಿಂಗಳು ಕಳೆದ ಮೇಲೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಅರ್ಜಿ ಹಾಕಿದೆ. ಇದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಕಂಪನಿ ಇಲ್ಲ ಅಂದ ಒಂದು ವರ್ಷದೊಳಗೆ ಹೋಗಬೇಕು. ಅದೇ ವಿಷಯ ಗ್ರಾಹಕರ ಆಯೋಗದಲ್ಲಿ ನಡೆಯುತ್ತಿದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ.

ವಿಚಾರಣೆ ವೀಡಿಯೋದಲ್ಲಿ. ನಮ್ಮೂರ ನೆಟ್‌ವರ್ಕ್ ನಂಬಿ ಕೂರುವ ಧೈರ್ಯ ಬರಲಿಲ್ಲ, ಚಿಕ್ಕಮಗಳೂರಿನ ಭಾವನ ಮನೆಗೆ ಹೋದೆ. ಎರಡು ಪಕ್ಕಾಸಿನ ತುಂಡು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಕ್ಯಾಮೆರಾ ಮುಂದೆ ಹಿಡಿದು ತೋರಿಸಿದೆ. ಕಂಪನಿಯವರು ಒಂದೇ ಪ್ರಶ್ನೆ ಕೇಳಿದರು: "ಬಿಲ್‌ನಲ್ಲಿ 17 ಪಕ್ಕಾಸು ಇದೆ, ಉಳಿದ ಐದು ಎಲ್ಲಿ?" ಸ್ನಾನದ ನೀರು ಕಾಯಿಸಿದೆವು ಅಂತಲೇ ಹೇಳಿದೆ.

ಮರಗೆಲಸಕ್ಕೆ 84,000 ಆದೇಶವಾಯಿತು. ಸುಟ್ಟ ಐದು, ಗೆದ್ದಲಿನ ಎರಡು ಮತ್ತು ಅವುಗಳ ಕೂಲಿ ಸೇರಿ 38,000 ಬಿಟ್ಟುಹೋಯಿತು. ಒಟ್ಟು ಸಿಕ್ಕಿದ್ದು 1,96,000. ಹಣ ಖಾತೆಗೆ ಬರುವವರೆಗೂ ನಂಬರ್ ಬರೆದ ತುಂಡುಗಳನ್ನು ಅಟ್ಟದ ಮೇಲೆ ಇಟ್ಟು ಏಣಿ ತೆಗೆದಿಟ್ಟಿದ್ದೆ.